ಯಂತ್ರದ ಶ್ರುತಿ

ಸಂಗೀತ ಕಲಿಯಲು ತೊಡಗಿದ ಮಗುವಿಗೆ ಮೊದಲು ಏನನ್ನು ಕೊಂಡುಕೊಡಬೇಕೆಂದು ಹೊನ್ನಾವರ, ಕುಮಟಾ, ಭಟ್ಕಳ ಸೀಮೆಯ ಗೃಹಸ್ಥರು ಆಗಾಗ ಕೇಳುವುದುಂಟು. ಕೆಲವರು ಕೀಬೋರ್ಡನ್ನು ತರುತ್ತಾರೆ, ಕೆಲವರು ಶ್ರುತಿಪೆಟ್ಟಿಗೆಯನ್ನು. ಎರಡೂ ಒಂದೇ ಕುಲದವು. ಮಿಡಿಯುವ ತಂತಿಯಾಗಲಿ ಊದುವ ಉಸಿರಾಗಲಿ ಇಲ್ಲದೆ ವಿದ್ಯುತ್ತಿನಿಂದಲೇ ನಾದವನ್ನು ಹೊರಡಿಸತಕ್ಕವು. ಅಮೇರಿಕದ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಸಿಂಥೆಸೈಜರ್ ಈ ಕುಲದಲ್ಲಿ ಹೆಸರಾದದ್ದು. ನಮ್ಮ ಬೆಂಗಳೂರಿನಲ್ಲಿ, ಕೊಳಲನ್ನೂ ಬಲ್ಲ ಇಂಜಿನಿಯರರಾದ ಜಿ. ರಾಜನಾರಾಯಣರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದರು.

ಯಕ್ಷಗಾನಕ್ಕೆ ಇದರಿಂದಾದ ಉಪಕಾರವು ಅಲ್ಪವಲ್ಲ. ಪೂರ್ವದಲ್ಲಿ ಭಾಗವತರಿಗೆ ಸೋರೆಬುರುಡೆಯ ಪುಂಗಿಯನ್ನೂದಿ ಶ್ರುತಿ ಕೊಡುತ್ತಿದ್ದರು, ಬಳಿಕ ಹಾರ್ಮೋನಿಯಂ ಬಂದಿತು, ಈಗ ಪೆಟ್ಟಿಗೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕಾಲದಲ್ಲಿ ಆಟವೆಂದರೆ ಬೆಳಗಿನವರೆಗಿನದು. ಅಷ್ಟು ಹೊತ್ತು ಊದುವವನ ಉಸಿರು ಸೋಲದೆ ಇರುವುದೆಂತು? ಪೆಟ್ಟಿಗೆಗೆ ನಿದ್ದೆಯಿಲ್ಲ. ಆಷಾಢದ ತೇವಕ್ಕೆ ಮದ್ದಳೆಯ ಚರ್ಮ ಸಡಿಲಾಗುವುದು, ತಂಬೂರಿ ಶ್ರುತಿ ತಪ್ಪುವುದು. ಪೆಟ್ಟಿಗೆಯ ಷಡ್ಜ ಮಾತ್ರ ಅಲುಗದು.

ತೊಡಕಿರುವುದು ಮಗುವಿನ ಕಿವಿಯಲ್ಲಿ. ತಂಬೂರಿಯನ್ನು ಕೂಡಿಸುವಾಗ ಬಿರಡೆಯನ್ನು ತಿರುಗಿಸಿ, ಮಣಿಯನ್ನು ಸರಿಸಿ, ಜೋಡಿ ತಂತಿಗಳೆರಡರ ನಡುವೆ ಕೇಳಿಬರುವ ನಡುಕ ಅಡಗುವ ತನಕ ಕಾಯಬೇಕು. ಆ ನಡುಕವನ್ನು ಗುರುತಿಸಲು ಕಲಿತವನು ತನ್ನ ಕಂಠ ತಪ್ಪಿದಾಗಲೂ ತಾನೇ ತಿಳಿಯುತ್ತಾನೆ. ಶ್ರುತಿಯೆಂಬ ಶಬ್ದವು ಕೇಳುವುದೆಂಬ ಅರ್ಥದ ‘ಶ್ರು’ ಧಾತುವಿನಿಂದ ಹುಟ್ಟಿದುದಷ್ಟೆ. ಪೆಟ್ಟಿಗೆಯಾದರೋ ಈ ಕೆಲಸವನ್ನೆಲ್ಲ ತಾನೇ ಮುಗಿಸಿ ಕೊಡುತ್ತದೆ. ಹುಡುಗನಿಗೆ ಕೇಳುವ ಕೆಲಸವೇ ಉಳಿಯುವುದಿಲ್ಲ.

ಕೀಬೋರ್ಡಿನ ಕಥೆ ಬೇರೆ. ಅದರಲ್ಲಿ ಸಪ್ತಕವು ಹನ್ನೆರಡು ಸಮಪಾಲು. ದರ್ಬಾರಿಯ ತೂಗುವ ಗಾಂಧಾರ ಒಂದು ಕೀಲಿಯ ಮೇಲೆ ನಿಲ್ಲುವುದೇ? ಸ್ವರವನ್ನು ಬಾಗಿಸುವ ಚಕ್ರವುಳ್ಳ ಕೀಬೋರ್ಡುಗಳಿವೆ, ಪಳಗಿದ ವಾದಕರು ಅದರಿಂದ ಮೀಂಡನ್ನೂ ತೆಗೆಯಬಲ್ಲರು. ಎಳೆಯ ಕೈಗೆ ಅದು ದುಸ್ಸಾಧ್ಯ. (ಹಾರ್ಮೋನಿಯಂ ಮೇಲೂ ಇದೇ ಆಕ್ಷೇಪವಿದ್ದಿತು. ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗಿಟ್ಟು 1971ರಲ್ಲಿ ಆ ಕಟ್ಟನ್ನು ಸಡಿಲಿಸಿತು.)

ಆದುದರಿಂದ ಮೊದಲು ಶ್ರುತಿಪೆಟ್ಟಿಗೆಯನ್ನೇ ಕೊಳ್ಳಿರಿ. ಕೀಬೋರ್ಡು ಎರಡು ಮೂರು ವರ್ಷ ಕಾಯಲಿ. ವಾರಕ್ಕೊಮ್ಮೆಯಾದರೂ ಮಗುವನ್ನು ತಂಬೂರಿಯಿರುವ ಮನೆಗೆ ಕಳುಹಿಸಿ, ಅದನ್ನು ತಾನೇ ಕೂಡಿಸಲು ಬಿಡಿರಿ. ಕೂಡಿಸಿಯಾದ ಮೇಲೆ ಪೆಟ್ಟಿಗೆಯನ್ನು ಹಾಕಿ ಹೋಲಿಸಲಿ. ಮೊದಲ ಕೆಲವು ತಿಂಗಳು ಎರಡೂ ಹೊಂದುವುದಿಲ್ಲ, ಅದಕ್ಕಾಗಿ ಗದರಿಸಬೇಡಿರಿ.