ಗುಡ್ಡ ಹತ್ತುವ ಬೈಕಿಗೆ ನಂಬರ್ ಪ್ಲೇಟ್ ಬೇಡವೇ?

ಬೆಂಗಳೂರಿನ ಪಶ್ಚಿಮದಂಚಿನ ಉಲ್ಲಾಳ ಒಂದು ಕಾಲಕ್ಕೆ ರಾಗಿ ಹೊಲಗಳ, ಕೆರೆಯ ಊರು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯೂ ಖಾಸಗಿ ಬಡಾವಣೆಗಳೂ ಬಂದ ಮೇಲೆ ಹೊಲಗಳು ನಿವೇಶನಗಳಾದವು. ಇಂದು ಅಲ್ಲಿನ ಯುವಕರಿಗೆ ಕಣ್ತುಂಬ ಹಸಿರು ಕಾಣಬೇಕಾದರೆ ಶನಿವಾರ ನಸುಕಿನಲ್ಲೆದ್ದು ಕೆಂಗೇರಿಯ ಮೈಸೂರು ರಸ್ತೆ ಹಿಡಿದು ಕೊಡಗು, ವಯನಾಡಿನ ಕಡೆಗೋ, ನೆಲಮಂಗಲ ದಾಟಿ ಹಾಸನ, ಸಕಲೇಶಪುರದ ಕಡೆಗೋ ಹೊರಡಬೇಕು. ಈ ಹಂಬಲವನ್ನು ಯಾರೂ ತಪ್ಪೆನ್ನಲಾರರು. ತಪ್ಪು ಇರುವುದು ಹೊರಡುವ ರೀತಿಯಲ್ಲಿ.

ಹೀಗೆ ಹೊರಡುವ ಬೈಕುಗಳಲ್ಲಿ ಎರಡು ಬಗೆ. ಒಂದು, ಜ್ಞಾನಭಾರತಿ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಎ 41 ಸಂಖ್ಯೆ ಹೊತ್ತು ತನ್ನ ಚಕ್ರಗಳ ಮೇಲೆಯೇ ಓಡುವ ಹಿಮಾಲಯನ್, ಎಕ್ಸ್‌ಪಲ್ಸ್‌ನಂಥ ವಾಹನ. ಇನ್ನೊಂದು, ಪಿಕಪ್ ವಾಹನದ ಹಿಂಭಾಗದಲ್ಲಿ ಹಗ್ಗ ಬಿಗಿಸಿಕೊಂಡು, ಟಾರ್ಪಾಲು ಹೊದ್ದು ಸರಕಿನಂತೆ ಸಾಗುವ ಸ್ಪರ್ಧಾ ಬೈಕು. ಅದಕ್ಕೆ ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ನೋಂದಣಿಯೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡೂ ಗಡಿಯಾಚೆಯ ಒಂದೇ ಗುಡ್ಡದ ಬುಡ ತಲುಪಿರುತ್ತವೆ. ಅಲ್ಲಿ ಮೊದಲನೆಯ ಬೈಕಿನ ಫಲಕವನ್ನೂ ಸ್ಪ್ಯಾನರಿನಿಂದ ಬಿಚ್ಚಿ ಬ್ಯಾಗಿಗೆ ಹಾಕುವವರಿದ್ದಾರೆ. ಕೇಳಿದರೆ, "ಬಿದ್ದರೆ ಮುರಿಯುತ್ತದೆ" ಎಂಬ ಉತ್ತರ. ಅಲ್ಲಿಂದ ಮುಂದೆ ಆ ಗುಡ್ಡದ ಮೇಲೆ ಏನೇ ನಡೆದರೂ ಅದಕ್ಕೆ ಕಾರಣರಾದವರ ಹೆಸರಿಲ್ಲ, ವಿಳಾಸವಿಲ್ಲ.

ಮಲೆನಾಡಿನ ಮುಂದಿರುವ ಪ್ರಶ್ನೆ ಇಷ್ಟೇ. ಡಾಂಬರು ಮುಗಿದಲ್ಲಿ ಕಾನೂನೂ ಮುಗಿಯುತ್ತದೆಯೇ?

ಕಾಯ್ದೆ ಹೇಳುವುದೇನು?

1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮನ್ನು ಆಫ್‌ರೋಡ್ ಉತ್ಸಾಹಿಗಳು ಒಮ್ಮೆ ಓದಬೇಕು. ನೋಂದಣಿಯಾಗದ, ನೋಂದಣಿ ಸಂಖ್ಯೆಯನ್ನು ನಿಯಮದಂತೆ ಪ್ರದರ್ಶಿಸದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಬೇರೆ ಯಾವುದೇ ಸ್ಥಳದಲ್ಲಾಗಲಿ ಓಡಿಸಕೂಡದೆಂದು ಅದು ವಿಧಿಸುತ್ತದೆ. "ಬೇರೆ ಯಾವುದೇ ಸ್ಥಳ" ಎಂಬ ಮಾತು ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಕಾಡುಹಾದಿ, ಹುಲ್ಲುಗಾವಲು, ಹೊಳೆದಂಡೆ, ತೋಟದ ದಾರಿ ಎಲ್ಲವೂ ಅದರಲ್ಲಿ ಅಡಕ. 192ನೇ ಕಲಂ ಇದನ್ನು ಮೀರಿದವರಿಗೆ ಮೊದಲ ಸಲಕ್ಕೆ 5000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ತಪ್ಪು ಮರುಕಳಿಸಿದರೆ ಸೆರೆವಾಸಕ್ಕೂ ಅವಕಾಶವಿದೆ.

ಫಲಕದ ನಿಯಮವೂ ಅಷ್ಟೇ ಸ್ಪಷ್ಟ. 2019ರ ಏಪ್ರಿಲ್ 1ರ ನಂತರ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಯಿತು. ಹಳೆಯ ವಾಹನಗಳೂ ಅದನ್ನು ಅಳವಡಿಸಿಕೊಳ್ಳಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ಚಕ್ರದ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ, ಒಮ್ಮೆ ಬಿಗಿದರೆ ಒಡೆಯದೆ ಬಿಚ್ಚಲಾಗದ ಸ್ನ್ಯಾಪ್ ಲಾಕ್, ಇವೆಲ್ಲ ಫಲಕವನ್ನು ಯಾರೂ ಇಚ್ಛೆಬಂದಾಗ ತೆಗೆದು ಹಾಕದಿರಲೆಂದೇ ರೂಪಿಸಿದವು. ಊರಿನ ಹಾಲು ಮಾರುವವನ ಹಳೆಯ ಸ್ಕೂಟರಿಗೂ ಈ ಫಲಕ ಬೇಕು. ಲಕ್ಷಗಟ್ಟಲೆ ಬೆಲೆಯ ಸಾಹಸದ ಬೈಕಿಗೆ ಮಾತ್ರ ಗುಡ್ಡದ ಬುಡದಲ್ಲಿ ವಿನಾಯಿತಿ ಕೊಟ್ಟವರಾರು?

ಆದರೆ ಒಂದು ಕಂಡಿ ಇದೆ. ಕಾರ್ಖಾನೆ ಅಥವಾ ಇತರ ಆವೃತ ಆವರಣದೊಳಗೆ ಮಾತ್ರ ಬಳಸಲು ಅಳವಡಿಸಿದ ವಿಶೇಷ ಬಗೆಯ ವಾಹನವನ್ನು ಕಾಯ್ದೆಯ 2ನೇ ಕಲಂ ಮೋಟಾರು ವಾಹನವೆಂದು ಎಣಿಸುವುದಿಲ್ಲ. ಕವಾಸಕಿಯ ಕೆಎಕ್ಸ್ 250, ಕೆಎಕ್ಸ್ 450ರಂಥ ಮೋಟೊಕ್ರಾಸ್ ಬೈಕುಗಳು ಭಾರತದಲ್ಲಿ ನೋಂದಣಿಯಿಲ್ಲದೆ ಮಾರಾಟವಾಗುತ್ತಿರುವುದು ಸ್ಪರ್ಧಾ ಟ್ರ್ಯಾಕಿಗೆಂದು. ಟ್ರ್ಯಾಕಿನಲ್ಲಿ ಓಡಿದರೆ ಯಾರ ತಕರಾರೂ ಇಲ್ಲ. ಕಾಫಿ ತೋಟದಲ್ಲಿ ಓಡಿಸಿ "ಇದು ಖಾಸಗಿ ಆವರಣ" ಎಂದಾಗ ತಕರಾರು ಏಳುತ್ತದೆ. ಕೂಲಿಯವರ ಕಾಲುದಾರಿ, ಶಾಲೆ ಮಕ್ಕಳ ದಾರಿ, ಊರಿಗೆ ನೀರು ತರುವ ಹಳ್ಳ, ಆನೆಯ ಹಾದಿ ಎಲ್ಲವೂ ಹಾಯ್ದುಹೋಗುವ ತೋಟ ಆವೃತ ಆವರಣ ಹೇಗಾದೀತು? ಕೇರಳದ ಇಡುಕ್ಕಿಯಲ್ಲಿ 2022ರ ಮೇ ತಿಂಗಳಲ್ಲಿ ವಾಗಮಣ್‌ನ ಚಹಾ ತೋಟವೊಂದರಲ್ಲಿ ಆಫ್‌ರೋಡ್ ಜೀಪು ಓಟ ನಡೆದಾಗ ಅಲ್ಲಿನ ಮೋಟಾರು ವಾಹನ ಇಲಾಖೆ ತೋಟದ ಬೇಲಿಯ ಹೊರಗೆ ನಿಲ್ಲಲಿಲ್ಲ. ಭಾಗವಹಿಸಿದ್ದ ಚಿತ್ರನಟರೊಬ್ಬರಿಗೂ ನೋಟಿಸ್ ಕೊಟ್ಟು ದಂಡ ವಸೂಲು ಮಾಡಿತು. ಪಕ್ಕದ ರಾಜ್ಯಕ್ಕೆ ಸಾಧ್ಯವಾದದ್ದು ಕರ್ನಾಟಕಕ್ಕೆ ಏಕೆ ಅಸಾಧ್ಯ?

ಗಡಿ ದಾಟಿದರೆ?

ರಾಜ್ಯದ ಗಡಿಯ ಬಗ್ಗೆ ಎರಡೂ ಕಡೆ ತಪ್ಪು ತಿಳಿವಳಿಕೆಗಳಿವೆ. 46ನೇ ಕಲಮಿನಂತೆ ಒಂದು ರಾಜ್ಯದಲ್ಲಾದ ನೋಂದಣಿ ದೇಶಕ್ಕೆಲ್ಲ ಸಲ್ಲುತ್ತದೆ. ಕೆಎ 41ರ ಬೈಕು ಕುಟ್ಟ ದಾಟಿ ವಯನಾಡಿಗೆ ಹೋಗಲು, ಕೇರಳದ ಬೈಕು ಮಾಕುಟ್ಟ ದಾಟಿ ವಿರಾಜಪೇಟೆಗೆ ಬರಲು ಮರುನೋಂದಣಿ ಬೇಕಿಲ್ಲ. ವಾಹನವನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ 47ನೇ ಕಲಮಿನಂತೆ ಹೊಸ ಸಂಖ್ಯೆ ಪಡೆಯಬೇಕು, ಅಷ್ಟೆ. ಪದೇ ಪದೇ ವರ್ಗವಾಗುವ ನೌಕರರಿಗೆಂದು 2021ರಲ್ಲಿ ಬಿಎಚ್ ಸರಣಿಯೂ ಬಂದಿದೆ.

ಆದ್ದರಿಂದ "ಹೊರರಾಜ್ಯದ ಬೈಕುಗಳಿಂದಲೇ ಮಲೆನಾಡು ಹಾಳಾಯಿತು" ಎಂಬ ಕೂಗು ದಾರಿ ತಪ್ಪಿದ ಸಿಟ್ಟು. ಕೇರಳದ ಸಂಖ್ಯೆಯಾದರೇನು, ತಮಿಳುನಾಡಿನ ಸಂಖ್ಯೆಯಾದರೇನು, ಫಲಕವಿದ್ದ ಬೈಕಿನ ಮಾಲೀಕ ಯಾರೆಂದು ಠಾಣೆಯಲ್ಲಿ ಕುಳಿತೇ ತಿಳಿಯಬಹುದು. ಭಯಪಡಬೇಕಾದದ್ದು ಯಾವ ರಾಜ್ಯಕ್ಕೂ ಸೇರದ ಬೈಕಿಗೆ. ಅದು ಚೆಕ್‌ಪೋಸ್ಟಿನಲ್ಲಿ ಪಿಕಪ್ಪಿನ ಸರಕು. ದಾಖಲೆಯಲ್ಲಿ ಉಳಿಯುವುದು ಪಿಕಪ್ಪಿನ ಸಂಖ್ಯೆ ಮಾತ್ರ. ಅತ್ತ ರಾಜ್ಯ ಬಿಟ್ಟದ್ದಕ್ಕೂ ಇತ್ತ ರಾಜ್ಯ ಹೊಕ್ಕದ್ದಕ್ಕೂ ಆ ಬೈಕಿಗೆ ಗುರುತಿಲ್ಲ.

ಮಲೆನಾಡಿಗರೂ ಇಲ್ಲಿ ತಮ್ಮ ಅಂಗಳ ಗುಡಿಸಿಕೊಳ್ಳಬೇಕು. ಕಾಗದಪತ್ರ ಸತ್ತು ವರ್ಷಗಳಾದ ಜೀಪನ್ನು "ತೋಟದೊಳಗೆ ತಾನೇ" ಎಂದು ಓಡಿಸುವವರು, ಹೋಂಸ್ಟೇ ಅತಿಥಿಗಳಿಗೆ ಫಲಕವಿಲ್ಲದ ಬೈಕು ಕೊಟ್ಟು ಗುಡ್ಡ ತೋರಿಸುವವರು ಬೆಂಗಳೂರಿನವರಲ್ಲ, ಊರಿನವರೇ. ತಮ್ಮ ಜೀಪಿಗೆ ಒಂದು ಕಾನೂನು, ಉಲ್ಲಾಳದ ಹುಡುಗನ ಬೈಕಿಗೆ ಇನ್ನೊಂದು ಎಂದರೆ ಯಾವ ಅಧಿಕಾರಿಯೂ ಕಿವಿಗೊಡಲಾರ.

ನಷ್ಟ ಯಾರಿಗೆ?

ನಂಬರ್ ಪ್ಲೇಟಿನ ಬೆಲೆ ಅರಿವಾಗುವುದು ಅಪಘಾತವಾದ ದಿನ. ಸಂಜೆ ಕೆಲಸ ಮುಗಿಸಿ ಲೈನ್‌ಮನೆಗೆ ಮರಳುವ ಕೂಲಿ ಹೆಂಗಸಿಗೆ ತಿರುವಿನಲ್ಲಿ ಬೈಕೊಂದು ಗುದ್ದಿ ಹೋಯಿತೆನ್ನಿ. ಸಂಖ್ಯೆ ಸಿಕ್ಕರೆ ವಿಮೆ ಇರುತ್ತದೆ, ನ್ಯಾಯಮಂಡಳಿ ಆಕೆಯ ದುಡಿಮೆ, ವಯಸ್ಸು, ಅವಲಂಬಿತರನ್ನು ಲೆಕ್ಕಹಾಕಿ ಪರಿಹಾರ ನಿಗದಿಮಾಡುತ್ತದೆ. ಗುರುತು ಸಿಗದ ವಾಹನವಾದರೆ? 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50 ಸಾವಿರ. ಕಾಲು ಮುರಿದ ಕೂಲಿಗೆ ಒಂದು ಶಸ್ತ್ರಚಿಕಿತ್ಸೆಗೂ ಸಾಲದ ಮೊತ್ತ! ಬ್ಯಾಗಿನೊಳಗೆ ಹೋದ ಫಲಕ ತನ್ನೊಂದಿಗೆ ಒಂದು ಕುಟುಂಬದ ಹಕ್ಕನ್ನೂ ಒಯ್ದಿರುತ್ತದೆ.

ಎರಡನೆಯ ನಷ್ಟ ಮಣ್ಣಿಗೆ. ಶೋಲಾ ಕಾಡಿನಂಚಿನ ಹುಲ್ಲುಗಾವಲು ನೋಡಲು ಗಟ್ಟಿ ನೆಲ. ವಾಸ್ತವದಲ್ಲಿ ಅದು ಹುಲ್ಲಿನ ಬೇರುಗಳು ಹೆಣೆದು ಹಿಡಿದಿರುವ ತೆಳು ಮೇಲ್ಮಣ್ಣಿನ ಹೊದಿಕೆ. ಮುಳ್ಳುಮುಳ್ಳಾದ ಟೈರು ಇಳಿಜಾರಿನಲ್ಲಿ ಹಿಡಿತಕ್ಕಾಗಿ ತಿರುಗುವಾಗ ಆ ಹೆಣಿಗೆಯನ್ನು ಕತ್ತರಿಸುತ್ತದೆ, ಕೆಳಗಿನ ಮಣ್ಣನ್ನು ಒತ್ತಿ ಬಿಗಿಗೊಳಿಸುತ್ತದೆ. ಬಿಗಿದ ಮಣ್ಣಿನಲ್ಲಿ ರಂಧ್ರಗಳಿಲ್ಲ, ನೀರು ಇಂಗದು. ಬೈಕು ಹತ್ತುವುದು ಇಳಿಜಾರಿಗೆ ನೇರವಾಗಿ. ಆದ್ದರಿಂದ ಚಕ್ರದ ಗುರುತೇ ಮಳೆನೀರಿಗೆ ಕಾಲುವೆಯಾಗುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಿದು. ಮೇ ತಿಂಗಳ ಒಂದು ಗೆರೆ ಆಗಸ್ಟಿನಲ್ಲಿ ಕೊರಕಲು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದಕ್ಕೆ ಬೈಕು ಕಾರಣವೆಂದು ಹೇಳಿದರೆ ಅಪ್ರಾಮಾಣಿಕತೆಯಾದೀತು. ಆದರೆ ಅಂಥ ನೆಲದ ಮೇಲೆ ಹೊಸ ಗಾಯ ಮಾಡುವುದು ವಿವೇಕವಲ್ಲ.

ಮೂರನೆಯ ನಷ್ಟ ಬೆಳೆಗಾರರಿಗೆ. ಅದು ಕಣ್ಣಿಗೆ ಕಾಣುವುದಿಲ್ಲ. ಕಾಳುಮೆಣಸಿನ ಬಳ್ಳಿಯನ್ನು ಕೆಲವೇ ದಿನಗಳಲ್ಲಿ ಕೊಲ್ಲುವ ಶೀಘ್ರ ಸೊರಗು ರೋಗಕ್ಕೆ ಕಾರಣ ಫೈಟಾಫ್ಥೊರಾ ಎಂಬ ಸೂಕ್ಷ್ಮಜೀವಿ. ಅದು ಬದುಕುವುದು ಹಸಿ ಮಣ್ಣಿನಲ್ಲಿ. ರೋಗವಿರುವ ತೋಟದ ಕೆಸರು ಮೆತ್ತಿದ ಚಕ್ರ ಅದೇ ದಿನ ಇನ್ನೊಂದು ತೋಟ ಹೊಕ್ಕರೆ ರೋಗಕ್ಕೆ ಬೇರೆ ವಾಹನವೇ ಬೇಡ. ಪಶ್ಚಿಮ ಆಸ್ಟ್ರೇಲಿಯಾದ ಜರ್ರಾ ಕಾಡುಗಳನ್ನು ಇದೇ ಕುಲದ ಇನ್ನೊಂದು ಪ್ರಭೇದ ಒಣಗಿಸಿತು. ವಾಹನಗಳ ಕೆಸರಿನಿಂದ ಅದು ಹರಡುತ್ತದೆಂದು ಕಂಡುಕೊಂಡ ಸರ್ಕಾರ 1970ರ ದಶಕದಲ್ಲೇ ವಿಶಾಲ ಅರಣ್ಯಕ್ಕೆ ವಾಹನ ಪ್ರವೇಶ ನಿರ್ಬಂಧಿಸಿತು. ಇಲ್ಲಿ ಯಾವ ಚಕ್ರ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದಕ್ಕೆ ದಾಖಲೆಯೇ ಇಲ್ಲ. ದಾಖಲೆಗೆ ಬೇಕಾದದ್ದು ಸಂಖ್ಯೆ. ಸಂಖ್ಯೆ ಇರಬೇಕಾದದ್ದು ಫಲಕದಲ್ಲಿ.

ಸವಾರರ ವಾದಗಳು

"ಎಲ್ಲೆಡೆ ನಿಷೇಧವಾದರೆ ಕ್ರೀಡೆ ಬೆಳೆಯುವುದೆಲ್ಲಿ?" ಎಂದು ಸವಾರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರವೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ 1971ರಲ್ಲೇ ಆಫ್‌ರೋಡ್ ವಾಹನಗಳಿಗೆ ಪ್ರತ್ಯೇಕ ಕಾನೂನು ಮಾಡಿತು. ರಸ್ತೆಗಿಳಿಯದ ಬೈಕಿಗೂ ಅಲ್ಲಿ ಗುರುತಿನ ಸ್ಟಿಕ್ಕರ್ ಇದೆ. ಇಂಥ ನೋಂದಣಿಯಿಲ್ಲದ ರಾಜ್ಯಗಳಿಂದ ಬಂದವರು ಪ್ರತ್ಯೇಕ ಪರವಾನಗಿ ಪಡೆಯಬೇಕು. ಸಂಗ್ರಹವಾದ ಶುಲ್ಕ ಹಾದಿಗಳ ದುರಸ್ತಿಗೂ ಕಾವಲಿಗೂ ಸಲ್ಲುತ್ತದೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶ, ಸರ್ಕಾರಿ ಭೂಮಿಯಲ್ಲಿ ಯಾವ ಹಾದಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಗುರುತಿಸಲು ಇಲಾಖೆಗಳಿಗೆ ಹೇಳಿತು. ಮೋಟಾರು ವಾಹನವನ್ನೇ ಆರಾಧಿಸುವ ದೇಶವೂ ಗುರುತಿಲ್ಲದ ಬೈಕನ್ನು ಗುಡ್ಡಕ್ಕೆ ಬಿಡಲಿಲ್ಲ.

"ಬಿದ್ದರೆ ಫಲಕ ಮುರಿಯುತ್ತದೆ" ಎಂಬ ವಾದಕ್ಕೆ ಹೆಚ್ಚು ಮಾತು ಬೇಡ. ಮುರಿದರೆ ಹೊಸದನ್ನು ಪಡೆಯುವ ವ್ಯವಸ್ಥೆಯಿದೆ. ಫಲಕ ಉಳಿಯದಷ್ಟು ಕಡಿದಾದ ಜಾಗದಲ್ಲಿ ಹುಲ್ಲು ಉಳಿಯುವುದು ಹೇಗೆ?

"ಬೈಕಿನವರನ್ನೇ ಏಕೆ ಗುರಿಮಾಡುತ್ತೀರಿ?" ಎನ್ನುವವರು ಉಲ್ಲಾಳದ ಹತ್ತಿರವೇ ನೋಡಲಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶ ನಿಷೇಧಿಸಲಾಯಿತು. ಸವಾರರ ಜೀವ ಉಳಿಸಲು ನೋಂದಾಯಿತ ಬೈಕನ್ನೇ ಹೆದ್ದಾರಿಯಿಂದ ಹೊರಗಿಡುವ ವ್ಯವಸ್ಥೆಗೆ, ನೋಂದಣಿಯಿಲ್ಲದ ಬೈಕನ್ನು ಹುಲ್ಲುಗಾವಲಿನಿಂದ ಹೊರಗಿಡಲು ಏಕೆ ಕೈ ನಡುಗಬೇಕು?

ಆಗಬೇಕಾದದ್ದು

1. ಕಾಫಿ, ಚಹಾ, ಏಲಕ್ಕಿ ತೋಟಗಳೂ ಬಾಣೆ, ಸೊಪ್ಪಿನಬೆಟ್ಟಗಳೂ "ಆವೃತ ಆವರಣ"ವಲ್ಲವೆಂದು ಸಾರಿಗೆ ಇಲಾಖೆ ಸುತ್ತೋಲೆಯ ಮೂಲಕ ಸ್ಪಷ್ಟಪಡಿಸಬೇಕು.

2. ನೋಂದಣಿಯಿಲ್ಲದ ಸ್ಪರ್ಧಾ ಬೈಕು ಮಾರುವವರು ಕೊಂಡವರ ಹೆಸರು, ಚಾಸಿಸ್ ಸಂಖ್ಯೆಗಳನ್ನು ಇಲಾಖೆಗೆ ಒಪ್ಪಿಸಬೇಕು.

3. ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಸರಕಾಗಿ ಸಾಗುವ ಬೈಕಿನ ಚಾಸಿಸ್ ಸಂಖ್ಯೆ ಮತ್ತು ಅದು ತಲುಪುವ ಸ್ಥಳವನ್ನು ದಾಖಲಿಸಬೇಕು. ಕರ್ನಾಟಕ, ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳು ಈ ದಾಖಲೆಯನ್ನು ಹಂಚಿಕೊಳ್ಳಬೇಕು.

4. ವನ್ಯಜೀವಿಧಾಮ, ಮೀಸಲು ಅರಣ್ಯಗಳಲ್ಲಿ ಅಕ್ರಮ ಪ್ರವೇಶಕ್ಕೆ ಅರಣ್ಯ ಇಲಾಖೆ ಹೂಡುವ ಮೊಕದ್ದಮೆಯ ಜೊತೆಗೆ ಮೋಟಾರು ವಾಹನ ಕಾಯ್ದೆಯ ದೂರೂ ದಾಖಲಾಗಬೇಕು.

5. ಕ್ರೀಡೆಗೆಂದು ಬಯಲುಸೀಮೆಯ ಪಾಳುಬಿದ್ದ ಕ್ವಾರಿಗಳಂಥ ಕಡೆ, ಸ್ಥಳೀಯರ ಒಪ್ಪಿಗೆಯೊಂದಿಗೆ, ಬೇಲಿಯುಳ್ಳ ಟ್ರ್ಯಾಕುಗಳಿಗೆ ಜಾಗ ಗುರುತಿಸಬೇಕು.

ಇವುಗಳಲ್ಲಿ ಯಾವುದಕ್ಕೂ ಶಾಸನಸಭೆ ಹೊಸ ಕಾಯ್ದೆ ಮಾಡುವವರೆಗೆ ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿಗಳು ಮುಂದಿನ ಗ್ರಾಮಸಭೆಯಲ್ಲೇ ನಿರ್ಣಯ ಮಾಡಿ ಜಿಲ್ಲಾಧಿಕಾರಿಗೂ ಸಾರಿಗೆ ಅಧಿಕಾರಿಗೂ ಕಳುಹಿಸಬಹುದು.

ಉಲ್ಲಾಳದ ಸವಾರನೂ ಇದನ್ನು ತನ್ನ ವಿರುದ್ಧದ ಹೋರಾಟವೆಂದು ಭಾವಿಸಬೇಕಿಲ್ಲ. ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿ, ಬ್ರಹ್ಮಗಿರಿಯ ಲಕ್ಷ್ಮಣತೀರ್ಥ ಎರಡೂ ಕನ್ನಂಬಾಡಿಯ ಹಿನ್ನೀರಿಗೆ ಬಂದು ಸೇರುತ್ತವೆ. ಬೆಂಗಳೂರು ಕುಡಿಯುವುದು ಆ ಕಾವೇರಿಯನ್ನೇ. ಗುಡ್ಡದ ನೆತ್ತಿಯಲ್ಲಿ ಶನಿವಾರ ಕತ್ತರಿಸಿದ ಮಣ್ಣು ಮಳೆಗಾಲದಲ್ಲಿ ಅದೇ ನದಿಯ ದಾರಿ ಹಿಡಿಯುತ್ತದೆ. ಉಲ್ಲಾಳದ ರಾಗಿ ಹೊಲಗಳು ಮರಳಿ ಬರಲಾರವು. ಉಳಿದ ಗುಡ್ಡಗಳಿಗಾದರೂ ಸವಾರರು ತಮ್ಮ ಹೆಸರು ಹೇಳಿ, ಸಂಖ್ಯೆ ತೋರಿಸಿ ಬರಲಿ.