ತಾತನ ಕಂಬಳಿ

ಮೊಳಕಾಲ್ಮುರಿನ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಚಿತ್ರ ಚೆನ್ನಾಗಿ ಬರೆಯುತ್ತಾಳಂತೆ. ಕಲೆಯ ಮೂಲಕ ಮನಸ್ಸಿಗೆ ಚಿಕಿತ್ಸೆ ನೀಡುವ ವಿದ್ಯೆಯನ್ನು ನನ್ನಂತೆ ತಾನೂ ಕಲಿಯಬೇಕೆಂದು ಹಟ ಹಿಡಿದಿದ್ದಾಳಂತೆ. "ಇದು ಯಾವ ಓದು? ಹೊಟ್ಟೆಗೆ ಹಿಟ್ಟಾಗುವುದೆ? ನೀವು ಈ ದಾರಿಗೆ ಬಂದದ್ದಾದರೂ ಹೇಗೆ?" ಎಂದು ಕೇಳಿದ್ದಾರೆ. ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ನನ್ನ ತವರೂ ಮೊಳಕಾಲ್ಮುರೇ. ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗವಿತ್ತು. ತಂದೆ ನೇಯುತ್ತಿದ್ದರು, ಅವ್ವ ಕಂಡಿಕೆ ಸುತ್ತುತ್ತಿದ್ದಳು. ನಾನು ಹತ್ತು ವರ್ಷದವಳಿದ್ದಾಗ ತಮ್ಮ ಜ್ವರದಿಂದ ತೀರಿಕೊಂಡ. ಅವ್ವ ಅಳಲಿಲ್ಲ, ಮಾತನ್ನೂ ಬಿಟ್ಟಳು. ಬಂಧುಗಳು ಹೇಳಿದ ಸಮಾಧಾನ ಆಕೆಯ ಕಿವಿಗೆ ಬಿದ್ದಂತೆ ತೋರಲಿಲ್ಲ. ಕೆಲವು ತಿಂಗಳ ಮೇಲೆ ತಮ್ಮನ ಅಂಗಿಗಳನ್ನು ಕತ್ತರಿಸಿ ಕೌದಿ ಹೊಲಿಯಲು ಕುಳಿತಳು. ಹೋದವರ ಬಟ್ಟೆ ಮನೆಯಲ್ಲಿರಬಾರದೆಂದು ಅಜ್ಜಿ ಗದರಿದರೂ ಬಿಡಲಿಲ್ಲ. ಹೊಲಿಯುತ್ತ ಹೊಲಿಯುತ್ತ, ಈ ಅಂಗಿ ನಾಯಕನಹಟ್ಟಿ ತೇರಿಗೆಂದು ತಂದದ್ದು, ಈ ಗುಂಡಿಯನ್ನು ಅವನೇ ಕಿತ್ತುಕೊಂಡದ್ದು ಎಂದು ನನ್ನೊಡನೆ ಹೇಳತೊಡಗಿದಳು. ಅತ್ತದ್ದೂ ಆಗಲೇ. ಇದರ ಹಿಂದೊಂದು ಶಾಸ್ತ್ರವಿದೆಯೆಂದು ನನಗೆ ತಿಳಿದದ್ದು, ಚಳ್ಳಕೆರೆಯಲ್ಲಿ ಶಿಕ್ಷಕಿಯಾಗಿ, ಬಿಡುವಿನಲ್ಲಿ ಆಪ್ತಸಲಹೆಯ ತರಬೇತಿ ಪಡೆಯುತ್ತಿದ್ದಾಗ.

ಆಂಗ್ಲ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯರೋಗದಿಂದ ಸ್ಯಾನಿಟೋರಿಯಮ್ಮಿನಲ್ಲಿದ್ದಾಗ ಚಿತ್ರ ಬರೆಯುತ್ತ ಚೇತರಿಸಿಕೊಂಡರು. ಅಲ್ಲಿನ ಇತರ ರೋಗಿಗಳಿಗೂ ಅದನ್ನು ಕಲಿಸಿದರು. 'ಕಲಾ ಚಿಕಿತ್ಸೆ' ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಅವರೇ. ಸಲಹೆಗಾರನು ಉಪದೇಶಿಸುವುದಕ್ಕಿಂತ ಕೇಳಿಸಿಕೊಳ್ಳಬೇಕೆಂದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ತಂದೆಯ ಆ ಮಾರ್ಗಕ್ಕೆ ಚಿತ್ರ, ಚಲನೆ, ನಾದ, ಬರವಣಿಗೆಗಳನ್ನು ಕೂಡಿಸಿದವರು ಅವರ ಮಗಳು ನಟಾಲಿ ರೋಜರ್ಸ್. ಆ ಕುರಿತ ಅವರ ಗ್ರಂಥ 1993ರಲ್ಲಿ ಹೊರಬಂದಿತು. ಬರೆದ ಚಿತ್ರದ ಅರ್ಥವನ್ನು ಬರೆದವರೇ ಹೇಳಬೇಕು, ಚಿಕಿತ್ಸಕರಲ್ಲ ಎಂಬುದು ಈ ಪಂಥದ ಜೀವಾಳ.

ಇದನ್ನೆಲ್ಲ ಓದಿಯೂ ನಾನು ತಪ್ಪಿದೆ. ಕುರಿ ಸಾಕುವ ಮನೆತನದ, ಮಿತಭಾಷಿಯಾದ ಬಾಲಕನೊಬ್ಬ ನನ್ನಲ್ಲಿಗೆ ಬರುತ್ತಿದ್ದ. ಒಂದು ದಿನ ಹಾಳೆಯ ತುಂಬ ಕಪ್ಪು ಬಣ್ಣವನ್ನೇ ಬಳಿದ. ನಾನು ಮಹಾಜಾಣೆಯಂತೆ ಅವನ ತಾಯಿಯನ್ನು ಕರೆಸಿ, "ಮಗುವಿನ ಮನಸ್ಸಿಗೆ ಭಯ ಕವಿದಿದೆ, ಮನೆಯಲ್ಲೇನೋ ನಡೆದಿರಬೇಕು" ಎಂದುಬಿಟ್ಟೆ. ಆ ಮಾತಿನಿಂದ ಗಂಡಹೆಂಡಿರಲ್ಲಿ ಜಗಳವಾಯಿತು. ಹುಡುಗ ಬರುವುದು ನಿಂತಿತು. ತಿಂಗಳುಗಳ ಅನಂತರ ಸಂತೆಯಲ್ಲಿ ಸಿಕ್ಕಾಗ ಆ ಚಿತ್ರದ ಬಗ್ಗೆ ಅವನನ್ನೇ ಕೇಳಿದೆ. "ಅದು ನಮ್ಮ ತಾತನ ಕಂಬಳಿ, ಟೀಚರ್. ಅದ್ರೊಳಗೆ ಮನಿಕ್ಕಂಡ್ರೆ ಚಳಿ ಆಗಲ್ಲ" ಎಂದ. ಕರಿ ಕಂಬಳಿಯ ಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟೂ ಹೊಳೆಯಲಿಲ್ಲ! ಅವರ ಮನೆಗೆ ಹೋಗಿ ತಾಯಿಯ ಕ್ಷಮೆ ಕೇಳಿದೆ. ಆಕೆ ಮಜ್ಜಿಗೆ ಕೊಟ್ಟು ಕಳುಹಿಸಿದರು. ಮಗನನ್ನು ಮಾತ್ರ ಮತ್ತೆ ಕಳುಹಿಸಲಿಲ್ಲ.

ಆದುದರಿಂದ, ಸೋದರಿ, ನಿಮ್ಮ ಮಗಳು ಮೊದಲು ಮನಶ್ಶಾಸ್ತ್ರದಲ್ಲಿ ಪದವಿ ಪಡೆಯಲಿ, ಬಳಿಕ ಆಪ್ತಸಲಹೆಯನ್ನು ಕಲಿಯಲಿ. ಕಲಾ ಚಿಕಿತ್ಸೆ ಅದರ ಮೇಲೆ. ನಾಲ್ಕು ದಿನದ ಶಿಬಿರ ಮುಗಿಸಿ ಫಲಕ ತೂಗುಹಾಕುವವರನ್ನು ನಾನು ನಂಬುವುದಿಲ್ಲ. ನಿದ್ರೆ ಕೆಟ್ಟವರನ್ನು, ಸಾವಿನ ಮಾತನಾಡುವವರನ್ನು ಬಣ್ಣದ ಮುಂದೆ ಕೂರಿಸಿ ಕಾಲಹರಣ ಮಾಡದೆ ವೈದ್ಯರಲ್ಲಿಗೆ ಕಳುಹಿಸುವ ವಿವೇಕವೂ ಬೇಕು. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಆರಂಭಿಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹಿಟ್ಟಿನ ಮಾತು ಉಳಿಯಿತು. ನಿವೃತ್ತಿಯವರೆಗೂ ನಾನು ಶಾಲೆಯ ಸಂಬಳವನ್ನು ಬಿಡಲಿಲ್ಲ. ಇಂದಿಗೂ ಕೆಲವರು ಹಣದ ಬದಲು ಶೇಂಗಾ ತಂದು ಇಳಿಸುತ್ತಾರೆ. ರಜೆಯಲ್ಲಿ ಮಗಳನ್ನು ಚಳ್ಳಕೆರೆಗೆ ಕಳುಹಿಸಿಕೊಡಿ, ಹಾಳೆ ಬಣ್ಣ ಜೋಡಿಸಿಕೊಡಲಿ. ಯಾರಾದರೂ ಬಂದಾಗ ಮಾತ್ರ ಅವಳು ಹೊರಗಿನ ಜಗಲಿಯಲ್ಲಿ ಕೂರಬೇಕಾಗುತ್ತದೆ. ಬೇಸರಪಟ್ಟುಕೊಳ್ಳಬಾರದೆಂದು ಈಗಲೇ ಹೇಳಿಡಿ.