ತಲಪಾಡಿಯಲ್ಲಿ ನಿಲ್ಲಬಾರದ ವಾಹನ

2020ರ ಮಾರ್ಚ್ ಕೊನೆಯ ವಾರದಲ್ಲಿ ಉಳ್ಳಾಲದ ದಕ್ಷಿಣಕ್ಕಿರುವ ತಲಪಾಡಿ ಗಡಿಯನ್ನು ಕರ್ನಾಟಕ ಮುಚ್ಚಿದಾಗ, ಕಾಸರಗೋಡಿನಲ್ಲಿ ಏರುತ್ತಿದ್ದ ಕೊರೊನಾ ಪ್ರಕರಣಗಳನ್ನು ಕಂಡು ಮಂಗಳೂರಿನವರು ಪಟ್ಟ ಭಯ ಆಧಾರವಿಲ್ಲದ್ದೇನಲ್ಲ. ಆದರೆ ಆ ಭಯಕ್ಕೆ ಆಂಬುಲೆನ್ಸ್‌ಗಳನ್ನೂ ತಡೆದು, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಕೊಟ್ಟ ಉತ್ತರ ಅಕ್ಷಮ್ಯವಾಗಿತ್ತು. 1956ರ ನವೆಂಬರ್ 1ರವರೆಗೆ ಒಂದೇ ಜಿಲ್ಲೆಯಾಗಿದ್ದ ಈ ನೆಲದಲ್ಲಿ, ಗಡಿಯಾಚೆಯ ಮಂಜೇಶ್ವರದ ರೋಗಿಗೆ ದೇರಳಕಟ್ಟೆ, ಮಂಗಳೂರುಗಳ ದೊಡ್ಡಾಸ್ಪತ್ರೆಗಳೇ ಹತ್ತಿರದವು. ಅವುಗಳನ್ನು ತಲುಪಲಾಗದೆ ಹಲವರು ಪ್ರಾಣ ಬಿಟ್ಟರು.

ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಈ ತಡೆಯನ್ನು ಬದುಕುವ ಹಕ್ಕಿನ ಉಲ್ಲಂಘನೆ ಎಂದಿತು. ಎರಡೂ ರಾಜ್ಯಗಳು ಒಪ್ಪಿದ ನಿಯಮಗಳು ಸಿದ್ಧವಾಗಿವೆಯೆಂಬ ಕೇಂದ್ರದ ಹೇಳಿಕೆಯ ಮೇಲೆ ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್ ಪ್ರಕರಣವನ್ನು ಮುಗಿಸಿತು. ಆದರೆ ಆ ನಿಯಮಗಳು ರೋಗಿಗೆ ಕೊರೊನಾ ಇಲ್ಲವೆಂಬ ವೈದ್ಯರ ಪ್ರಮಾಣಪತ್ರ ಕೇಳಿದ್ದರಿಂದ, ಸೋಂಕು ತಗಲಿ ಉಸಿರಿಗೆ ಒದ್ದಾಡುವವನಿಗೆ ಗಡಿ ಮುಚ್ಚಿಯೇ ಉಳಿಯಿತು.

ಸೋಂಕಿತನನ್ನು ಸುರಕ್ಷಿತವಾಗಿ ಸಾಗಿಸುವುದು ಅಸಾಧ್ಯವಾಗಿದ್ದರೆ ಈ ಷರತ್ತಿಗೆ ಅರ್ಥವಿರುತ್ತಿತ್ತು. ಆದರೆ ಶಂಕಿತ ಮತ್ತು ದೃಢಪಟ್ಟ ಕೊರೊನಾ ರೋಗಿಗಳ ಸಾಗಣೆಗೆಂದೇ ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಚ್ 29ರಂದೇ ಕಾರ್ಯವಿಧಾನ ಹೊರಡಿಸಿತ್ತು: ಸಿಬ್ಬಂದಿಗೆ ಪಿಪಿಇ ಕಿಟ್, ಹೊರಡುವ ಮೊದಲೇ ಆಸ್ಪತ್ರೆಗೆ ಸೂಚನೆ, ರೋಗಿಯನ್ನು ಇಳಿಸಿದ ಮೇಲೆ ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ವಾಹನದ ಶುದ್ಧಿ. ಇದಕ್ಕೆ ಚಾಲಕನ ಕೋಣೆಯನ್ನು ಬೇರ್ಪಡಿಸುವ ಗೋಡೆ, ಒಳಗಿನ ಗಾಳಿಯನ್ನು ಹೊರದೂಡುವ ಫ್ಯಾನ್, ರೋಗಿ ಬಿಟ್ಟ ಉಸಿರನ್ನು ಸೋಸಲು ವೆಂಟಿಲೇಟರಿನ ಕೊಳವೆಗೆ ಜೋಡಿಸುವ ವೈರಾಣು ಶೋಧಕ, ಇಷ್ಟು ಸೇರಿದರೆ ಅಪಾಯ ಬಹುಪಾಲು ಹತೋಟಿಗೆ ಬರುತ್ತದೆ.

ಕೊಳವೆ ಕಳಚುವ ಕ್ಷಣದಲ್ಲಿ ಸೋಂಕಿನ ಹನಿಗಳು ಗಾಳಿಗೆ ಚಿಮ್ಮುವುದರಿಂದ, ರೋಗಿಯನ್ನು ಗಡಿಯಲ್ಲಿ ಒಂದು ವಾಹನದಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಅಪಾಯ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಕಾಯಿಸುವುದಂತೂ ಇನ್ನೂ ಕ್ರೂರ: ಸುಮಾರು 1,500 ಲೀಟರ್ ಆಮ್ಲಜನಕ ಹಿಡಿಸುವ ಬಿ ಮಾದರಿಯ ಸಿಲಿಂಡರ್, ನಿಮಿಷಕ್ಕೆ 10 ಲೀಟರ್ ಬೇಕಿರುವ ರೋಗಿಗೆ ಎರಡೂವರೆ ಗಂಟೆಯಷ್ಟೇ ಸಾಲುತ್ತದೆ, ತಪಾಸಣೆಯ ಒಂದೊಂದು ನಿಮಿಷವೂ ಅವನ ಉಸಿರಿನಿಂದಲೇ ಕಳೆದದ್ದು.

ಕೋಯಿಕ್ಕೋಡ್‌ನಲ್ಲಿ 2018ರಲ್ಲೂ 2023ರಲ್ಲೂ ನಿಫಾ ಕಾಣಿಸಿಕೊಂಡಿರುವಾಗ ತಲಪಾಡಿಯ ಪ್ರಶ್ನೆ ಹಳತಾಗಿಲ್ಲ. ಗಂಭೀರ ಸ್ಥಿತಿಯ ಪ್ರತಿಯೊಬ್ಬ ರೋಗಿಯನ್ನೂ ಸೋಂಕಿತನೆಂದೇ ಭಾವಿಸಿ ಸಜ್ಜಾದ ವಾಹನದಲ್ಲಿ ಸಾಗಿಸುವ ಶಾಶ್ವತ ಒಪ್ಪಂದಕ್ಕೆ ಎರಡೂ ಸರ್ಕಾರಗಳು ಈಗಲೇ ಸಹಿ ಹಾಕಬೇಕು; ಮಂಜೇಶ್ವರದಿಂದ ಹೊರಟ ಕರೆ ದೇರಳಕಟ್ಟೆಯ ತುರ್ತು ಚಿಕಿತ್ಸಾ ವಿಭಾಗವನ್ನು ನೇರವಾಗಿ ಮುಟ್ಟಬೇಕು, ಗಡಿಯ ಠಾಣೆ ವಾಹನದ ಸಂಖ್ಯೆಯನ್ನು ಬರೆದುಕೊಂಡು ಗೇಟು ತೆರೆಯಬೇಕು.